ಮಾಣೆಕ್‌ಜಿಗೆ ತೆರೆಯದ ಬಾಗಿಲು

ಮುಂಬಯಿಯ ಫೋರ್ಟಿನಲ್ಲಿ ಸ್ಟರ್ಲಿಂಗ್ ಟಾಕೀಸಿನ ಬೆನ್ನಿಗೆ ಫ್ರೀಮೇಸನ್ಸ್ ಹಾಲ್ ಇದೆ, ಮುಚ್ಚಿದ ಬಾಗಿಲ ಹಿಂದೆ ಸಭೆ ಸೇರುವ, ಒಬ್ಬರನ್ನೊಬ್ಬರು ಸಹೋದರರೆಂದು ಕರೆಯುವ ಒಂದು ಹಳೆಯ ಸಂಘದ ಮನೆ. ಅದಕ್ಕೆ ದೊಡ್ಡಪ್ಪ ಇಟ್ಟ ಹೆಸರು ಜಾದೂಘರ್. ಅವರೊಬ್ಬರೇ ಅಲ್ಲ, ಆ ಕಾಲದ ಹೋಟೆಲ್ ಹುಡುಗರೆಲ್ಲ ಹಾಗೇ ಕರೆಯುತ್ತಿದ್ದರಂತೆ. ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು, ಆಫೀಸುಗಳಿಗೆ ಚಹಾ ಹೊತ್ತೊಯ್ಯುವ ಬಾಹರ್‌ವಾಲಾ ಆಗಿದ್ದವರು ಅವರು. ಸಂಜೆ ಕಪ್ಪು ಕೋಟಿನ ಪಾರ್ಸಿ ಸಾಹೇಬರು ಚಪ್ಪಟೆ ಪೆಟ್ಟಿಗೆ ಹಿಡಿದು ಒಳಗೆ ಹೋಗುವುದನ್ನು, ಬಾಗಿಲು ಮುಚ್ಚಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದರು. “ಒಳಗೆ ತಲೆಬುರುಡೆ ಇಟ್ಟು ಏನೇನೋ ಮಾಡ್ತಾರೆ ಅಂತ ಹೇಳ್ತಿದ್ರು ಮಗಳೇ. ಚಹಾ ಕೊಡ್ಲಿಕ್ಕೂ ನಮ್ಮನ್ನು ಒಳಗೆ ಬಿಡ್ತಿರಲಿಲ್ಲ” ಎನ್ನುತ್ತಿದ್ದರು.

ಆ ಹಾಲ್ ಸಾರ್ವಜನಿಕರಿಗೆ ತೆರೆದಿರುತ್ತದೆ ಎಂದು ಗೊತ್ತಾದ ಒಂದು ಭಾನುವಾರ ನಾನೇ ಅವರನ್ನು ಕರೆದುಕೊಂಡು ಹೋದೆ.

1897ರ ಕಟ್ಟಡ. ಒಳಗೆ ಕಪ್ಪು ಬಿಳುಪು ಚೌಕಗಳ ನೆಲ. ಪೂರ್ವಕ್ಕೆ ಲಾಡ್ಜಿನ, ಎಂದರೆ ಸಂಘದ ಒಂದು ಶಾಖೆಯ ಮುಖ್ಯಸ್ಥನ ಪೀಠ, ಪಶ್ಚಿಮ ಮತ್ತು ದಕ್ಷಿಣಕ್ಕೆ ಇಬ್ಬರು ಅಧಿಕಾರಿಗಳ ಪೀಠ, ಉತ್ತರಕ್ಕೆ ಯಾರೂ ಇಲ್ಲ. ಕಲ್ಲುಕುಟಿಗರ ಮೂಲೆಮಟ್ಟ ಮತ್ತು ಕೈವಾರವೇ ಮೇಸನ್ನರ ಗುರುತು. ಸಭೆ ನಡೆಯುವಾಗ ಬಾಗಿಲ ಹೊರಗೆ ಒಬ್ಬ ಕತ್ತಿ ಹಿಡಿದು ಕಾಯುತ್ತಾನೆ. ಒಳಗೆ ಮತ ಮತ್ತು ರಾಜಕೀಯ ಮಾತಾಡುವಂತಿಲ್ಲ. ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿದ ಸದಸ್ಯರೊಬ್ಬರು ಕೊನೆಗೆ ನಡುವಿನ ಪೀಠದ ಮುಂದೆ ನಿಂತರು. ಭಗವದ್ಗೀತೆ, ಕುರಾನ್, ಬೈಬಲ್, ಪಾರ್ಸಿಗಳ ಅವೆಸ್ತಾ, ಗುರು ಗ್ರಂಥ ಸಾಹಿಬ್ ಎಲ್ಲವೂ ಇಲ್ಲಿಗೆ ಬರುತ್ತವೆ, ಯಾರ ಪ್ರಮಾಣ ಅವರವರ ಗ್ರಂಥದ ಮೇಲೆ ಎಂದರು. ದೊಡ್ಡಪ್ಪ ಚಪ್ಪಲಿ ಕಳಚಲು ಬಗ್ಗಿದರು. ಬೇಕಾಗಿಲ್ಲ ಎಂದರೂ ಕೇಳಲಿಲ್ಲ.

ಆ ಪೀಠದ ಮೇಲೆ ಅಷ್ಟು ಗ್ರಂಥಗಳು ಬಂದು ಸೇರಿದ್ದು ಸುಲಭದಲ್ಲಲ್ಲ. ಬೊಂಬಾಯಿಯಲ್ಲಿ ಮೊದಲ ಲಾಡ್ಜ್ ಶುರುವಾದದ್ದು 1758ರಲ್ಲಿ, ಇಂಗ್ಲಿಷರಿಗಾಗಿ. ಹಗಲು ಬಂದರಿನಲ್ಲಿ ಪಾರ್ಸಿ, ಬೋಹ್ರಾ, ಭಾಟಿಯಾ ವ್ಯಾಪಾರಿಗಳ ಜೊತೆ ಹತ್ತಿ, ಅಫೀಮಿನ ಲೆಕ್ಕ ಮಾಡುತ್ತಿದ್ದವರು ಸಂಜೆ ಅವರನ್ನು ಸಹೋದರರೆಂದು ಕರೆಯಲು ತಯಾರಿರಲಿಲ್ಲ. ಮಾಣೆಕ್‌ಜಿ ಕರ್ಸೆಟ್‌ಜಿ ಎಂಬ ಪಾರ್ಸಿ ಗೃಹಸ್ಥರು ಪ್ಯಾರಿಸ್ಸಿನಲ್ಲಿ ದೀಕ್ಷೆ ಪಡೆದು ಬಂದರೂ, ಸ್ವಂತ ಊರಿನ ಯುರೋಪಿಯನ್ನರ ಲಾಡ್ಜ್ ಅವರನ್ನು ಸೇರಿಸಿಕೊಳ್ಳಲಿಲ್ಲ. ಕಡಲಾಚೆ ಸಹೋದರ, ಮನೆಯ ಪಕ್ಕದಲ್ಲಿ ಪರಕೀಯ.

ಬಾಗಿಲು ತೆರೆದವರು ಜೇಮ್ಸ್ ಬರ್ನ್ಸ್ ಎಂಬ ಸ್ಕಾಟಿಷ್ ವೈದ್ಯರು. 1843ರ ಡಿಸೆಂಬರಿನಲ್ಲಿ, ಲಾಡ್ಜುಗಳ ಮೇಲಿನ ಸಂಸ್ಥೆಯಾದ ಸ್ಕಾಟ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಅಡಿಯಲ್ಲಿ, ಭಾರತೀಯರನ್ನು ಸೇರಿಸಿಕೊಳ್ಳುವುದಕ್ಕೆಂದೇ ಅವರು ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಎಂಬ ಲಾಡ್ಜ್ ಕಟ್ಟಿದರು. ಪಾರ್ಸಿಗಳು ಬಂದರು, ಮುಸ್ಲಿಮರೂ ಬಂದರು. ಬರ್ನ್ಸ್‌ರ ತಮ್ಮ ಅಲೆಕ್ಸಾಂಡರ್ 1841ರ ನವೆಂಬರಿನಲ್ಲಿ ಕಾಬೂಲಿನಲ್ಲಿ ಉದ್ರಿಕ್ತ ಜನರ ಕೈಯಲ್ಲಿ ಸತ್ತಿದ್ದರು. ಆ ಸಾವಿಗೆ ಇನ್ನೂ ಎರಡೇ ವರ್ಷ. ಅಂಥ ಅಣ್ಣ ಮುಸ್ಲಿಮರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು ಎನ್ನುವುದು ನನಗೆ ಈ ಇಡೀ ಚರಿತ್ರೆಯಲ್ಲೇ ಅತ್ಯಂತ ದೊಡ್ಡ ಸಂಗತಿ. ಗ್ರ್ಯಾಂಡ್ ಮಾಸ್ಟರುಗಳ ಭಾವಚಿತ್ರಗಳಿಗಿಂತ ಹೆಚ್ಚು ಹೊತ್ತು ನಾನು ಯೋಚಿಸಿದ್ದು ಈ ಒಬ್ಬ ವೈದ್ಯರ ಬಗ್ಗೆ.

ಹಿಂದೂಗಳ ವಿಷಯ ಇನ್ನೂ ಜಗ್ಗಿತು. ದೇವರೊಬ್ಬನೇ ಎಂದು ನಂಬದವರು ಪ್ರಮಾಣ ಮಾಡುವುದು ಯಾವುದರ ಮೇಲೆ ಎಂಬ ತಕರಾರು. ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತರು ವರ್ಷಗಟ್ಟಲೆ ಹೋರಾಡಿ 1872ರಲ್ಲಿ ಒಳಗೆ ಬಂದರು. ಬೊಂಬಾಯಿಯಲ್ಲಿ ಲಾಡ್ಜ್ ಸೈರಸ್, ಲಾಡ್ಜ್ ಇಸ್ಲಾಂ, ಲಾಡ್ಜ್ ಆರ್ಯನ್ ಎಂಬ ಹೆಸರುಗಳೂ ಹುಟ್ಟಿದವು. ಫಿರೋಜ್‌ಶಾ ಮೆಹ್ತಾ, ದಾದಾಭಾಯಿ ನವರೋಜಿ ಇಬ್ಬರೂ ಮೇಸನ್ನರೇ. ಭಾರತಕ್ಕೆ ತನ್ನದೇ ಗ್ರ್ಯಾಂಡ್ ಲಾಡ್ಜ್ ಬಂದದ್ದು 1961ರಲ್ಲಿ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: “ನಮ್ಮಂಥವರನ್ನು ಸೇರಿಸ್ತಿದ್ರಾ?” ಚಂದಾ ಕಟ್ಟಬೇಕು, ಸದಸ್ಯರ ಶಿಫಾರಸು ಬೇಕು, ಇಂಗ್ಲಿಷ್ ಬೇಕು. ಬಿಳಿ ಗೋಲಿ, ಕಪ್ಪು ಗೋಲಿ ಹಾಕಿ ಗುಟ್ಟಾಗಿ ಮತ ಹಾಕುವ ಪದ್ಧತಿ ಬೇರೆ. ಮತಭೇದವನ್ನು ಗೆದ್ದ ಆ ಮನೆ ಚಹಾ ಹೊರುವ ಹುಡುಗನನ್ನು ಕಾಣಲಿಲ್ಲ, ಇದು ನನ್ನ ತಕರಾರು. ನಮ್ಮವರು ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು: 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್. ರಾತ್ರಿ ಶಾಲೆಗಳಲ್ಲಿ ಹೋಟೆಲ್ ಹುಡುಗರು ಕನ್ನಡದಲ್ಲಿ ಓದಿ ಮ್ಯಾಟ್ರಿಕ್ ಮಾಡಿದರು. ದೊಡ್ಡಪ್ಪನೂ ಹಾಗೇ ಗುಮಾಸ್ತರಾದರು. ಅವರಿಗೆ ಅನ್ನವೂ ಅಕ್ಷರವೂ ಸಿಕ್ಕಿದ್ದು ಅಲ್ಲಿ. ಆದರೆ ಒಂದೊಂದು ಮನೆಗೂ ಒಂದೊಂದು ಜಾತಿಯ ಹೆಸರಿದೆ, ಒಂದೇ ಪೀಠಕ್ಕೆ ಬರುವ ಆ ಐದು ಗ್ರಂಥಗಳನ್ನು ನೆನೆದರೆ ಅದೂ ಚುಚ್ಚುತ್ತದೆ.

ಹೆಂಗಸರು ಸೇರಬಹುದೇ ಎಂದು ನಾನು ಒಳಗೆ ಕೇಳಿದ್ದೆ. ಇಲ್ಲ ಎಂದಿದ್ದರು, ಮರ್ಯಾದೆಯಿಂದಲೇ. ಹಾಗಾಗಿ ದೊಡ್ಡಪ್ಪನನ್ನು ಹಜಾರಿಮಲ್ ಸೋಮಾನಿ ಮಾರ್ಗದವರೆಗೆ ನಡೆಸಿದೆ, ಅಲೆಕ್ಸಾಂಡ್ರಾ ಹೆಣ್ಣುಮಕ್ಕಳ ಶಾಲೆ ತೋರಿಸಲು. 1863ರಲ್ಲಿ, ಹುಡುಗಿಯರಿಗೆ ಇಂಗ್ಲಿಷ್ ಕಲಿಸುವುದೇ ಅಪರಾಧವೆಂಬಂತಿದ್ದ ಕಾಲದಲ್ಲಿ, ಅದನ್ನು ಶುರು ಮಾಡಿದವರು ಇದೇ ಮಾಣೆಕ್‌ಜಿ ಕರ್ಸೆಟ್‌ಜಿ. ಬಾಗಿಲಲ್ಲಿ ನಿಲ್ಲಿಸಿಕೊಂಡ ಅವಮಾನ ಅವರನ್ನು ಇಲ್ಲಿಗೆ ತಂದಿತೋ ಏನೋ, ನನಗಂತೂ ಹಾಗೆ ನಂಬಲು ಇಷ್ಟ.

“ನಮ್ಮ ರಾತ್ರಿ ಶಾಲೆಯಲ್ಲಿ ಒಬ್ಬಳೂ ಹುಡುಗಿ ಇರಲಿಲ್ಲ” ಎಂದರು ದೊಡ್ಡಪ್ಪ. “ನಿನ್ನ ಅತ್ತೆ ನನಗಿಂತ ಚುರುಕು. ಊರಲ್ಲಿ ಐದನೆಯದಕ್ಕೇ ಬಿಡಿಸಿದ್ರು. ನಾನು ಇಲ್ಲಿಂದ ದುಡ್ಡು ಕಳಿಸ್ತಿದ್ದೆ, ಅವಳನ್ನು ಓದಿಸಿ ಅಂತ ಒಂದು ಕಾಗದ ಬರೀಲಿಲ್ಲ.”

ನೀವೇ ಆಗ ಹುಡುಗ, ಹೇಳಿದ್ದರೂ ಯಾರು ಕೇಳುತ್ತಿದ್ದರು ಎಂದೆ. ಅವರು ಒಪ್ಪಲಿಲ್ಲ. ಸಿಎಸ್‌ಎಂಟಿಯಿಂದ ಕುರ್ಲಾದವರೆಗೂ ಲೋಕಲ್‌ನಲ್ಲಿ ಇದೇ ವಾದ ನಡೆಯಿತು, ಎದುರಿಗೆ ಕೂತವರು ಯಾವ ಭಾಷೆಯಲ್ಲಿ ಜಗಳವಾಡುತ್ತಿದ್ದಾರೆ ಎಂದು ನೋಡುವಷ್ಟು ಜೋರಾಗಿ.