ಮೂರು ಪೆಟ್ಟಿಗೆ ಪತ್ರಿಕೆಗಳು ಮತ್ತು ಒಂದು ಟಗ್ ದೋಣಿ

ಮಾದರಿ ದೋಣಿಗಳನ್ನು ಕಟ್ಟುವುದರಲ್ಲೇ ಬಿಡುವಿನ ಹೊತ್ತನ್ನೆಲ್ಲ ಕಳೆದ ನನ್ನ ಹಿರಿಯ ಗೆಳೆಯರೊಬ್ಬರಿಗೆ ಕಣ್ಣಿನ ಶಕ್ತಿ ಕುಂದಿ, ಕೂದಲೆಳೆಯಂಥ ಹಗ್ಗಕ್ಕೆ ಗಂಟು ಹಾಕುವುದು ಅಸಾಧ್ಯವಾದಾಗ, ಅವರು ತಮ್ಮ ಪತ್ರಿಕೆಗಳನ್ನೆಲ್ಲ ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ನನಗೆ ಕೊಟ್ಟರು. “ಬೇಕಾದ್ದನ್ನು ಇಟ್ಟುಕೊ, ಬೇಡದ್ದನ್ನು ಇನ್ಯಾರಿಗಾದರೂ ದಾಟಿಸು. ನೋಡದೆ ಮಾತ್ರ ಕೊಡಬೇಡ” ಎಂದರು. ನನ್ನಲ್ಲಿ ಖಾಲಿ ಇದ್ದದ್ದು ಒಂದೇ ಕಪಾಟು. ಹಾಗಾಗಿ ಒಂದು ರಜಾದಿನ ಬೆಳಿಗ್ಗೆ ಕೋಣೆಯ ನೆಲದ ಮೇಲೆ ಎಲ್ಲವನ್ನೂ ಹರಡಿಕೊಂಡು, ಯಾವ ಪತ್ರಿಕೆ ಉಳಿಯಬೇಕು, ಮುಂದೆ ಯಾವುದಕ್ಕೆ ನಾನೇ ಚಂದಾ ಕಟ್ಟಬೇಕು ಎಂದು ತೀರ್ಮಾನಿಸಲು ಕುಳಿತೆ.

ಮೊದಲ ಒಂದು ಗಂಟೆ ನಾನು ಮಾಡಿದ ಕೆಲಸವೆಲ್ಲ ವ್ಯರ್ಥವಾಯಿತು. ನುಣುಪು ಕಾಗದ, ದೊಡ್ಡ ಬಣ್ಣದ ಚಿತ್ರಗಳು, ಹೆಚ್ಚು ಪುಟಗಳು ಇರುವುದನ್ನು ಒಂದು ಕಡೆ, ಕಪ್ಪುಬಿಳುಪಿನ ಹಳೆಯ ಸಂಚಿಕೆಗಳನ್ನು ಇನ್ನೊಂದು ಕಡೆ ಇಡುತ್ತ ಹೋದೆ. ಹಾಗೆ ಇಡುವಾಗ ಹಳೆಯದೊಂದು ಸಂಚಿಕೆ ಕೈಯಲ್ಲಿ ತೆರೆದುಕೊಂಡಿತು. ಪಿನ್ನುಗಳು ತುಕ್ಕು ಹಿಡಿದು ನಡುಹಾಳೆಯ ಮೇಲೆ ಕಂದು ಕಲೆ ಬಿಟ್ಟಿದ್ದವು, ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಅಕ್ಷರಗಳಲ್ಲಿ “ಗ್ರೀಸ್ ನಳಿಕೆ ಇನ್ನೂ ಎತ್ತರ ಬೇಕು” ಎಂದು ಬರೆದಿತ್ತು. ಈ ಪುಟವನ್ನು ಮೇಜಿನ ಮೇಲಿಟ್ಟುಕೊಂಡು, ಕೈಯಲ್ಲಿ ಸಲಕರಣೆ ಹಿಡಿದೇ ಓದಿದ್ದಾರೆ ಎಂಬುದು ನೋಡಿದೊಡನೆ ತಿಳಿಯುತ್ತಿತ್ತು. ಇಷ್ಟು ಹೊತ್ತು ನಾನು ಪತ್ರಿಕೆಗಳನ್ನು ಅಳೆಯುತ್ತಿದ್ದ ಕೋಲೇ ಸರಿಯಿಲ್ಲವೆಂದು ಆಗ ಅನ್ನಿಸಿತು.

ಆ ಹೊತ್ತಿಗೆ ನನ್ನ ಕೆಲಸದ ಮೇಜಿನ ಮೇಲೆ ಟಗ್ ದೋಣಿಯೊಂದರ ಒಡಲು ಅರ್ಧ ಮುಗಿದು ನಿಂತಿತ್ತು. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ 34 ಮೀಟರ್ ಉದ್ದದ ದೋಣಿ ಅದು. 1:48ರ ಸ್ಕೇಲಿನಲ್ಲಿ, ಅಂದರೆ ನಿಜದ ಅಳತೆಯ ನಲವತ್ತೆಂಟರಲ್ಲಿ ಒಂದು ಪಾಲಿಗೆ, ನನ್ನ ಮಾದರಿ 71 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಒಳಗಿನ ಮೋಟರಿನಿಂದ ಒಡಲನ್ನು ದಾಟಿ ಹೊರಗಿನ ಪ್ರೊಪೆಲರನ್ನು ತಿರುಗಿಸುವ ಸರಳನ್ನು, ಅಂದರೆ ಶಾಫ್ಟನ್ನು, ಕೂರಿಸುವ ಕೆಲಸ ಎದುರಿಗಿತ್ತು. ಹಿಂದಿನ ದೋಣಿಯಲ್ಲಿ ಇದೇ ಜಾಗದಿಂದ ನೀರು ಒಳನುಗ್ಗಿ ಮೋಟರ್ ಹಾಳಾಗಿತ್ತಾದ್ದರಿಂದ ಈ ಕೆಲಸದ ಬಗ್ಗೆ ನನಗೆ ಅಂಜಿಕೆಯಿತ್ತು. ಸರಿ, ಪ್ರತಿಯೊಂದು ಪತ್ರಿಕೆಯೂ ಈ ಒಂದೇ ಕೆಲಸವನ್ನು ಹೇಗೆ ಹೇಳಿಕೊಡುತ್ತದೆ ಎಂದು ನೋಡೋಣ, ಮಿಕ್ಕ ವಿಷಯ ಆಮೇಲೆ ಎಂದು ನಿಶ್ಚಯಿಸಿದೆ.

ಪೆಟ್ಟಿಗೆಗಳಲ್ಲಿದ್ದ ಪತ್ರಿಕೆಗಳು ಒಂದೇ ಜಾತಿಯವಲ್ಲ. ಬ್ರಿಟನ್ನಿನ ‘ಮಾಡೆಲ್ ಬೋಟ್ಸ್’ ನೀರಿನಲ್ಲಿ ಓಡಿಸುವ, ರೇಡಿಯೋ ನಿಯಂತ್ರಣದ ದೋಣಿಗಳಿಗೆ ಹೆಚ್ಚು ಒತ್ತು ಕೊಡುವ ಪತ್ರಿಕೆ. ಮಡಚಿಟ್ಟ ನಕ್ಷೆಯ ಹಾಳೆಗಳನ್ನು ಸಂಚಿಕೆಯ ಜೊತೆಗೇ ಕೊಡುವ ಅದರ ಪದ್ಧತಿಯನ್ನು ನಾನು ತುಂಬ ಗೌರವಿಸುತ್ತೇನೆ. ಅದೇ ದೇಶದ ‘ಮರೀನ್ ಮಾಡೆಲಿಂಗ್ ಇಂಟರ್‌ನ್ಯಾಷನಲ್’ ಕೂಡ ಇದೇ ದಾರಿಯದು, ಈಗ ಅದು ನಿಂತುಹೋಗಿದೆ. 1972ರಲ್ಲಿ ಆರಂಭವಾದ ‘ಮಾಡೆಲ್ ಶಿಪ್‌ರೈಟ್’ ತ್ರೈಮಾಸಿಕವನ್ನು ಕೈಗೆತ್ತಿಕೊಂಡರೆ ಪತ್ರಿಕೆಗಿಂತ ಪುಸ್ತಕವನ್ನು ಹಿಡಿದಂತೆ ಅನ್ನಿಸುತ್ತದೆ. 1948ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ನಾಟಿಕಲ್ ರಿಸರ್ಚ್ ಗಿಲ್ಡ್ ಹೊರತರುವ ‘ನಾಟಿಕಲ್ ರಿಸರ್ಚ್ ಜರ್ನಲ್’ ತ್ರೈಮಾಸಿಕ ಇತಿಹಾಸದ ಹಡಗುಗಳನ್ನು ಆಧಾರಸಹಿತವಾಗಿ ಶೋಧಿಸಿ ಕಟ್ಟುವವರಿಗಾಗಿ ಇರುವಂಥದ್ದು. 1898ರಲ್ಲಿ ಪರ್ಸಿವಲ್ ಮಾರ್ಷಲ್ ಶುರುಮಾಡಿದ ‘ಮಾಡೆಲ್ ಎಂಜಿನಿಯರ್’ ಮುಖ್ಯವಾಗಿ ಲೇತ್ ಮತ್ತು ಉಗಿಯಂತ್ರಗಳದು, ದೋಣಿ ಅಲ್ಲಿ ಆಗೀಗ ಬರುವ ಅತಿಥಿ. ಜರ್ಮನಿಯ ‘ಮೋಡೆಲ್‌ವೆರ್ಫ್ಟ್’ನ ಕೆಲವು ಸಂಚಿಕೆಗಳೂ ಇದ್ದವು. ಭಾಷೆ ನನಗೆ ಬಾರದಿದ್ದರೂ ಒಡಲನ್ನು ಅಡ್ಡಲಾಗಿ ಕತ್ತರಿಸಿದಂತೆ ತೋರಿಸುವ ಅಡ್ಡಕೊಯ್ತದ ಚಿತ್ರಗಳನ್ನು ನೋಡಿ ಕೆಲಸ ಅರ್ಥಮಾಡಿಕೊಳ್ಳಬಹುದಾಗಿತ್ತು.

ಇವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ ಎಂಬುದು ಮಧ್ಯಾಹ್ನದೊಳಗೆ ನನಗೆ ಖಚಿತವಾಯಿತು. ಗಾಜಿನ ಪೆಟ್ಟಿಗೆಯೊಳಗೆ ನಿಲ್ಲುವ ಹಡಗಿಗೆ ಶಾಫ್ಟಿನ ಸೋರಿಕೆಯ ಚಿಂತೆಯಿಲ್ಲ. ಆದರೆ ಅದಕ್ಕೆ ಬೇರೆಯದೇ ಶತ್ರುಗಳಿದ್ದಾರೆ. ಸೀಸದಲ್ಲಿ ಎರಕ ಹೊಯ್ದ ಪುಟ್ಟ ಫಿರಂಗಿ, ಲಂಗರುಗಳನ್ನು ಓಕ್ ಮರದ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ, ಮರದಿಂದ ಹೊರಡುವ ಆಮ್ಲದ ಆವಿ ತಾಗಿ ಸೀಸ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಇಂಥ ಎಚ್ಚರಿಕೆಗಳನ್ನು ನಾನು ಓದಿ ತಿಳಿದದ್ದು ಸಂಶೋಧನೆಯ ಮನೋಭಾವದ ತ್ರೈಮಾಸಿಕಗಳಿಂದ. ನೀರಿಗಿಳಿಸುವ ದೋಣಿಗಳ ಮಾಸಿಕದಲ್ಲಿ ಅದನ್ನು ಹುಡುಕಿ ಸಿಗಲಿಲ್ಲವೆಂದು ದೂರುವುದು ತಪ್ಪು. ಆದ್ದರಿಂದ ಎರಡು ತ್ರೈಮಾಸಿಕಗಳನ್ನೂ ಪರೀಕ್ಷೆಯಿಂದ ಬಿಟ್ಟು ನೇರವಾಗಿ ಕಪಾಟಿಗೇರಿಸಿದೆ. ಹಲಗೆ ಬಗ್ಗಿಸುವುದನ್ನು, ಅಡಿಮರಕ್ಕೆ ತಾಗಿ ಕೂರುವ ಮೊದಲ ಹಲಗೆಯ ಆಕಾರ ತೆಗೆಯುವುದನ್ನು ಅವುಗಳಷ್ಟು ಸಾವಧಾನವಾಗಿ ಹೇಳುವ ಬರಹಗಳನ್ನು ನಾನು ಬೇರೆಲ್ಲೂ ಓದಿಲ್ಲ.

ಉಳಿದವುಗಳಲ್ಲಿ ಶಾಫ್ಟಿನ ಬಗ್ಗೆ ಒಟ್ಟು ಒಂಬತ್ತು ಲೇಖನಗಳು ಸಿಕ್ಕವು. ಅವುಗಳಲ್ಲಿ ಐದು ಲೇಖನಗಳು “ನಂತರ ಶಾಫ್ಟ್ ಮತ್ತು ಮೋಟರನ್ನು ಎಂದಿನಂತೆ ಅಳವಡಿಸಲಾಯಿತು” ಎಂಬರ್ಥದ ಒಂದು ಸಾಲಿನಲ್ಲಿ ವಿಷಯವನ್ನು ಮುಗಿಸಿ, ಮುಂದಿನ ಪುಟದಲ್ಲಿ ಬಣ್ಣ ಹಚ್ಚಿದ ದೋಣಿಯ ಸೊಗಸಾದ ಚಿತ್ರಕ್ಕೆ ಜಿಗಿದಿದ್ದವು. ಎಂದಿನಂತೆ ಎಂದರೆ ಹೇಗೆ ಎಂಬುದೇ ಹೊಸಬನ ಪ್ರಶ್ನೆಯಾಗಿರುವಾಗ ಆ ಮಾತಿನಿಂದ ಅವನಿಗೆ ಏನೂ ದಕ್ಕುವುದಿಲ್ಲ. ಮೂರು ಲೇಖನಗಳು ಸಾಧಾರಣ. ಒಂದು ಮಾತ್ರ, ಬೆಳಿಗ್ಗೆ ಪೆನ್ಸಿಲ್ ಅಕ್ಷರ ಕಂಡಿದ್ದ ಅದೇ ಕಪ್ಪುಬಿಳುಪು ಸಂಚಿಕೆಯದು, ನನ್ನನ್ನು ಒಂದು ತಾಸು ಹಿಡಿದು ಕೂರಿಸಿತು.

ಅದರ ಲೇಖಕರು ಎರಡೂವರೆ ಪುಟಗಳನ್ನು ಈ ಒಂದು ಕೆಲಸಕ್ಕೇ ಮೀಸಲಿಟ್ಟಿದ್ದರು. ಶಾಫ್ಟ್ ಒಳಗೆ ತಿರುಗುವ ಹಿತ್ತಾಳೆಯ ಕೊಳವೆಯನ್ನು ದೋಣಿಯ ಹಿಂಬದಿಯಲ್ಲಿ ತೂರಿಸುವ ಮುಂಚೆ ಅದರ ಮೇಲ್ಮೈಯನ್ನು ಉಪ್ಪುಕಾಗದದಿಂದ ಒರಟು ಮಾಡಬೇಕು, ಏಕೆಂದರೆ ನುಣುಪಾದ ಹಿತ್ತಾಳೆಯನ್ನು ಎಪಾಕ್ಸಿ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟಿನ ಬದಲು ನಿಧಾನವಾಗಿ ಹದಗೊಳ್ಳುವುದನ್ನು ಬಳಸಿ ಒಂದು ದಿನ ಮುಟ್ಟದೆ ಬಿಡಬೇಕು. ಕೊಳವೆಯ ನಡುಭಾಗದಲ್ಲಿ ರಂಧ್ರ ಕೊರೆದು ಸಣ್ಣ ನಳಿಕೆಯೊಂದನ್ನು ನೆಟ್ಟಗೆ ಬೆಸುಗೆ ಹಾಕಬೇಕು, ಗ್ರೀಸನ್ನು ಒತ್ತುವುದು ಅದರ ಮೂಲಕವೇ. ಆ ನಳಿಕೆಯ ಬಾಯಿ ಹೊರಗಿನ ನೀರಿನ ಗೆರೆಗಿಂತ ಮೇಲಿದ್ದರೆ, ಗ್ರೀಸು ತೀರಿಹೋದ ದಿನವೂ ನೀರು ಕೊಳವೆಯೊಳಗೆ ಏರಿ ಹೊರಗಿನ ಮಟ್ಟಕ್ಕೇ ನಿಲ್ಲುತ್ತದೆಯೇ ಹೊರತು ಆ ಬಾಯಿಯಿಂದ ಉಕ್ಕಿ ದೋಣಿಗೆ ಸುರಿಯುವುದಿಲ್ಲ. ನನ್ನ ಹಿಂದಿನ ದೋಣಿಯ ನಳಿಕೆ ಗಿಡ್ಡವಾಗಿತ್ತು. ಎರಡು ವರ್ಷ ಕಾರಣ ತಿಳಿಯದೆ ನಾನು ಅಂಟನ್ನು ದೂರುತ್ತ ಬಂದಿದ್ದೆ.

ಮೋಟರನ್ನು ಶಾಫ್ಟಿನ ನೇರಕ್ಕೆ ತರುವ ವಿಧಾನ ಇನ್ನೂ ಚೆಲುವಾಗಿತ್ತು. ಮೋಟರನ್ನೂ ಶಾಫ್ಟನ್ನೂ ಜೋಡಿಸುವ ಬಳುಕುವ ಕಪ್ಲಿಂಗನ್ನು ಮೊದಲೇ ಹಾಕಿದರೆ ವಕ್ರತೆ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಮೊದಲು ಬಳುಕದ ಹಿತ್ತಾಳೆ ಕೊಳವೆಯ ತುಂಡೊಂದರಿಂದ ಮೋಟರ್ ಮತ್ತು ಶಾಫ್ಟನ್ನು ಒಂದೇ ಸರಳಿನಂತೆ ಬಿಗಿದು, ಆ ಸ್ಥಿತಿಯಲ್ಲೇ ಮೋಟರಿನ ಪೀಠವನ್ನು ಅಂಟಿಸಿ, ಅಂಟು ಆರಿದ ಮೇಲೆ ತುಂಡನ್ನು ತೆಗೆದು ನಿಜವಾದ ಕಪ್ಲಿಂಗ್ ಹಾಕಬೇಕು. ಆಮೇಲೆ ಆಮ್ಮೀಟರ್ ಜೋಡಿಸಿ, ಮೋಟರ್ ಒಂಟಿಯಾಗಿ ತಿರುಗುವಾಗ ಎಷ್ಟು ವಿದ್ಯುತ್ ಎಳೆಯುತ್ತದೆ, ಶಾಫ್ಟ್ ಸೇರಿದ ಮೇಲೆ ಎಷ್ಟು ಎಂದು ಹೋಲಿಸಿ ನೋಡಬೇಕು. ವ್ಯತ್ಯಾಸ ಹೆಚ್ಚಿದ್ದರೆ ಎಲ್ಲೋ ಉಜ್ಜುತ್ತಿದೆ ಎಂದರ್ಥ. ಇದನ್ನು ಬರೆದವರು ತಾವೇ ಮಾಡಿ, ಕೆಡಿಸಿ, ಮತ್ತೆ ಮಾಡಿದವರೆಂಬುದು ಪ್ರತಿ ವಾಕ್ಯದಲ್ಲೂ ಗೊತ್ತಾಗುತ್ತಿತ್ತು.

ಸಂಜೆಯ ಹೊತ್ತಿಗೆ ನಕ್ಷೆಗಳ ಕಡೆ ತಿರುಗಿದೆ. ಒಂದು ಮಾಸಿಕ, ಅದರ ಹೆಸರು ಇಲ್ಲಿ ಬೇಡ, ತನ್ನ ನಡುಪುಟದಲ್ಲಿ ಟಗ್ ದೋಣಿಯ ಅಡ್ಡಕೊಯ್ತಗಳನ್ನು ಕಿರಿದುಮಾಡಿ ಮುದ್ರಿಸಿ, ಇಷ್ಟು ಪಟ್ಟು ಹಿಗ್ಗಿಸಿಕೊಳ್ಳಿ ಎಂದು ಸೂಚಿಸಿತ್ತು. ನನ್ನ ಹಿಂದಿನ ದೋಣಿಯನ್ನು ನಾನು ಕಟ್ಟಿದ್ದು ಇದೇ ನಕ್ಷೆಯ ಪ್ರತಿಯಿಂದ. ನೀರಿಗಿಳಿಸಿದ ದಿನ ಅದು ಒಡಲಿನ ಮೇಲೆ ಗುರುತಿಸಿದ್ದ ನೀರಿನ ಗೆರೆಯನ್ನೂ ಮುಳುಗಿಸಿಕೊಂಡು ಕೂತಿತ್ತು. ಈಗ ಸೂಚನೆಯ ಪ್ರಕಾರ ಹಿಗ್ಗಿಸಿದ ಹಳೆಯ ಪ್ರತಿಯನ್ನು ತೆಗೆದು, ಮೂಲೆಯಲ್ಲಿದ್ದ ಅಳತೆಪಟ್ಟಿಯ ಮೇಲೆ ಉಕ್ಕಿನ ಸ್ಕೇಲನ್ನಿಟ್ಟೆ. ನೂರು ಮಿಲಿಮೀಟರ್ ಇರಬೇಕಾದ ಗೆರೆ ತೊಂಬತ್ತೇಳೇ ಇತ್ತು.

ನೂರಕ್ಕೆ ಮೂರು ಎಂದರೆ ಉದ್ದದಲ್ಲಿ ಎರಡು ಸೆಂಟಿಮೀಟರ್, ಅಷ್ಟೇನೂ ಅಲ್ಲ ಎನ್ನಬಹುದು. ಆದರೆ ದೋಣಿ ಹೊರುವ ತೂಕ ಅಳತೆಯ ಘನದೊಂದಿಗೆ ಬದಲಾಗುತ್ತದೆ. 500 ಟನ್ನಿನ ಟಗ್ಗಿಗೆ 1:48ರಲ್ಲಿ ಸುಮಾರು 4.5 ಕಿಲೋ ತೂಕ ಬರುತ್ತದೆ. ಮೂರೂ ದಿಕ್ಕಿನಲ್ಲಿ ನೂರಕ್ಕೆ ಮೂರರಷ್ಟು ಕುಗ್ಗಿದ ಒಡಲು ಅದೇ ಗೆರೆಗೆ ಹೊರುವುದು ಸುಮಾರು 4.1 ಕಿಲೋ ಮಾತ್ರ. ನಾಲ್ಕುನೂರು ಗ್ರಾಂ ಹೆಚ್ಚಿನ ಭಾರ ಅಷ್ಟು ಚಿಕ್ಕ ದೋಣಿಗೆ ಸಣ್ಣ ಮಾತಲ್ಲ. ಕೈಯಲ್ಲಿ ಸ್ಕೇಲ್ ಹಿಡಿದು ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಎಷ್ಟೋ ರಾತ್ರಿ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸುತ್ತ, ಕೊನೆಗೆ ಮೇಲಿನ ಕ್ಯಾಬಿನ್ನನ್ನೇ ತೆಳುವಾಗಿ ಮತ್ತೆ ಕಟ್ಟಿದ್ದೆನಲ್ಲ, ಅದರ ಮೂಲ ಈ ಮೂರು ಮಿಲಿಮೀಟರಿನಲ್ಲಿತ್ತು.

ಆಮೇಲೆ ನಾನು ನೋಡಿದ್ದು ಗೆಳೆಯರ ಮೂಲ ಸಂಚಿಕೆಯ ಅದೇ ನಡುಪುಟವನ್ನು. ನಕ್ಷೆಯ ಪಕ್ಕದಲ್ಲಿ ಅವರ ಪೆನ್ಸಿಲ್ ಗುರುತಿತ್ತು: “ತಿದ್ದುಪಡಿ, ಎರಡು ಸಂಚಿಕೆಯ ನಂತರ.” ಆ ಸಂಚಿಕೆಯನ್ನು ಹುಡುಕಿ ತೆಗೆದಾಗ, ಓದುಗರ ಪತ್ರಗಳ ಕೊನೆಯಲ್ಲಿ, ಜಾಹೀರಾತೊಂದರ ಮೇಲೆ, ನಾಲ್ಕು ಸಾಲಿನಲ್ಲಿ ಹಿಗ್ಗಿಸುವ ಪ್ರಮಾಣ ತಪ್ಪಾಗಿ ಅಚ್ಚಾಗಿದೆ ಎಂದು ಒಪ್ಪಿಕೊಂಡಿದ್ದರು. ನನ್ನ ಬಳಿ ನಕ್ಷೆಯ ಪ್ರತಿ ಮಾತ್ರ ಇತ್ತು, ಆ ನಾಲ್ಕು ಸಾಲು ಇರಲಿಲ್ಲ. ಅಲ್ಲಿಂದ ಮುಂದೆ ನಾನು ಪತ್ರಿಕೆಗಳನ್ನು ಹಿಂಬದಿಯಿಂದ ತೆರೆಯತೊಡಗಿದೆ. ಓದುಗರ ಪತ್ರಗಳಿಗೆ ಪೂರ್ತಿ ಪುಟ ಕೊಡುವ, ತಪ್ಪನ್ನು ಮುಂದಿನ ಸಂಚಿಕೆಯಲ್ಲೇ ದೊಡ್ಡಕ್ಷರದಲ್ಲಿ ತಿದ್ದುವ, ಕಟ್ಟಿ ನೋಡಿದವರ ಆಕ್ಷೇಪಣೆಗೆ ಲೇಖಕರಿಂದಲೇ ಉತ್ತರ ಹಾಕಿಸುವ ಪತ್ರಿಕೆಗಳು ಎಡಗಡೆಗೆ ಹೋದವು. ಪ್ರಶಂಸೆಯ ಪತ್ರಗಳನ್ನಷ್ಟೇ ಹಾಕುವವು ಬಲಗಡೆಗೆ. ಚಂದಾ ಕಟ್ಟುವ ಪ್ರಶ್ನೆಯೂ ನನಗೆ ಅಲ್ಲೇ ಬಗೆಹರಿಯಿತು.

ವಿದ್ಯುತ್ ಉಪಕರಣಗಳ ಪುಟಗಳಲ್ಲಿ ಹೆಚ್ಚು ತಡೆಯಲಿಲ್ಲ. 27 ಮೆಗಾಹರ್ಟ್ಸ್ ರೇಡಿಯೋ ಸೆಟ್ಟುಗಳಲ್ಲಿ ತರಂಗಾಂತರವನ್ನು ನಿಗದಿಮಾಡುವ ಕ್ರಿಸ್ಟಲ್ ಬದಲಿಸುವುದು, ಒಬ್ಬರ ತರಂಗಾಂತರ ಇನ್ನೊಬ್ಬರಿಗೆ ಅಡ್ಡಬಾರದಂತೆ ಬಣ್ಣದ ಪಟ್ಟಿ ಕಟ್ಟುವುದು, ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಆರೈಕೆ, ಇವೆಲ್ಲ 2.4 ಗಿಗಾಹರ್ಟ್ಸ್ ರೇಡಿಯೋ ಮತ್ತು ಲಿಥಿಯಂ ಬ್ಯಾಟರಿಗಳ ಕಾಲದಲ್ಲಿ ನೆನಪಿಗಷ್ಟೇ ಸಲ್ಲುವವು. ಹಳೆಯ ಚಾರ್ಜರುಗಳ ಸಲಹೆಯನ್ನು ಲಿಥಿಯಂ ಬ್ಯಾಟರಿಗೆ ಅನ್ವಯಿಸುವುದು ಅಪಾಯವೂ ಹೌದು, ಬೆಂಕಿ ಹತ್ತಬಹುದು. ಹಾಯಿದೋಣಿ ಪಂದ್ಯದವರ ಪುಟಗಳನ್ನು ಮಾತ್ರ ಬೇರೆ ಕಟ್ಟಿಟ್ಟೆ. ಒಂದು ಮೀಟರ್ ಉದ್ದ, ಕನಿಷ್ಠ 4 ಕಿಲೋ ತೂಕದ ಇಂಟರ್‌ನ್ಯಾಷನಲ್ ಒನ್ ಮೀಟರ್ ವರ್ಗದ ದೋಣಿ ಕಟ್ಟುತ್ತಿರುವ ಗೆಳತಿಯೊಬ್ಬರಿಗೆ ಅವು ನನಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮಲಗುವ ಮುಂಚೆ ಕೊಳವೆಯನ್ನು ಉಪ್ಪುಕಾಗದದಿಂದ ಉಜ್ಜಿ, ನಳಿಕೆಯನ್ನು ಹೊಸದಾಗಿ, ನೀರಿನ ಗೆರೆಗಿಂತ ಎರಡು ಸೆಂಟಿಮೀಟರ್ ಮೇಲೆ ಬರುವಂತೆ ಬೆಸುಗೆ ಹಾಕಿ, ನಿಧಾನದ ಅಂಟಿನಲ್ಲಿ ಕೂರಿಸಿದೆ. ಒಂದು ದಿನ ಪೂರ್ತಿ ಬಿಟ್ಟು, ಗ್ರೀಸ್ ತುಂಬಿ, ಒಡಲಿನೊಳಗೆ 4.5 ಕಿಲೋ ತೂಕ ಬರುವಷ್ಟು ಭಾರವಿಟ್ಟು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟೆ. ಶಾಫ್ಟಿನ ಒಳತುದಿಯ ಕೆಳಗೆ ಒಣಗಿದ ಟಿಶ್ಯೂ ಕಾಗದದ ಚೂರೊಂದನ್ನು ಹಾಸಿದ್ದೆ. ಮೋಟರನ್ನು ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಒಂದು ಗಂಟೆ ಕಾದೆ. ಗೆಳೆಯರಿಗೆ ಫೋನ್ ಮಾಡಿದಾಗ ಅವರು ಪತ್ರಿಕೆಗಳ ಸುದ್ದಿಯನ್ನೇ ಎತ್ತಲಿಲ್ಲ.

“ಕಾಗದ ಏನಾಯ್ತು?” ಎಂದು ಕೇಳಿದರು.

“ಗರಿಗರಿಯಾಗಿದೆ, ನೀವೇ ಮುಟ್ಟಿ ನೋಡಬೇಕು” ಎಂದೆ.

“ನಳಿಕೆ ಎಷ್ಟು ಎತ್ತರ ಇಟ್ಟೆ, ಅದನ್ನು ಅಲ್ಲೇ ಬರೆದಿಡು” ಎಂದರು.

ಪೆನ್ಸಿಲ್ಲನ್ನು ಚೂಪು ಮಾಡಿಕೊಂಡು, ಆ ಕಪ್ಪುಬಿಳುಪು ಸಂಚಿಕೆಯ ಅಂಚಿನಲ್ಲಿ, ಅವರ ಅಕ್ಷರಗಳ ಕೆಳಗೆ ಉಳಿದಿದ್ದ ಜಾಗದಲ್ಲಿ ದಿನಾಂಕವನ್ನೂ “ಎರಡು ಸೆಂ.ಮೀ., ಸೋರಿಲ್ಲ” ಎಂಬುದನ್ನೂ ಬರೆದು, ಸಂಚಿಕೆಯನ್ನು ಕೆಲಸದ ಮೇಜಿನ ಪಕ್ಕದ ಕಪಾಟಿನಲ್ಲಿ, ಕೈಗೆ ಸಿಗುವ ಜಾಗದಲ್ಲಿಟ್ಟೆ.