ಭೀಮನ ಪಾರ್ಟು

ಹೋದ್ ವರ್ಷ ನಮ್ ಲೇಔಟಿನ ರಾಜ್ಯೋತ್ಸವಕ್ಕೆ ಹೆಂಗಸ್ರೇ ಸೇರ್ಕೊಂಡು ಕೃಷ್ಣ ಗಾರುಡಿ ನಾಟಕದ್ದು ಒಂದ್ ಸೀನ್ ಮಾಡೋಣ ಅಂತಾಯ್ತು, ಎತ್ತರ ಇದೀನಿ ಅನ್ನೋ ಒಂದೇ ಕಾರಣಕ್ಕೆ ಭೀಮನ ಪಾರ್ಟು ನನ್ ತಲೆಗೆ ಕಟ್ಟಿದ್ರು. ಮನೇಲಿ ಪ್ರಾಕ್ಟೀಸ್ ಮಾಡ್ತಿದ್ರೆ ಅಜ್ಜಿ ಹೂ ಕಟ್ಟೋದು ನಿಲ್ಸಿ, "ಅದೇನೇ, ಗದೆನ ಪೊರಕೆ ಹಿಡ್ಕೊಂಡಂಗೆ ಹಿಡ್ಕೊಂಡಿದ್ದೀಯ! ನಾಗರತ್ನಮ್ಮನ ಭೀಮ ನೋಡ್ಬೇಕಿತ್ತು ನೀನು" ಅಂದ್ರು.

ಆರ್. ನಾಗರತ್ನಮ್ಮ, 1926ರಲ್ಲಿ ಹುಟ್ಟಿದವರು. ಕಂಪನಿ ನಾಟಕಗಳಲ್ಲಿ ಪಾರ್ಟು ಮಾಡಿ ಪಳಗಿ 1958ರಲ್ಲಿ ತಮ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿದ್ರು, ಅದ್ರಲ್ಲಿ ಗಂಡು ಪಾತ್ರಾನೂ ಹೆಂಗಸ್ರೇ. ಕಂಸ, ರಾವಣ, ದುರ್ಯೋಧನ, ಭೀಮ ಅಂದ್ರೆ ಈಯಮ್ಮನೇ. ಒಂದ್ ಕಾಲಕ್ಕೆ ಗಂಡಸ್ರು ಸೀರೆ ಉಟ್ಕೊಂಡು ದ್ರೌಪದಿ ಆಗ್ತಿದ್ರಲ್ಲ, ಅದ್ಕೆ ಬಡ್ಡಿ ಸಮೇತ ವಾಪಸ್ ಕೊಟ್ಟಂಗೆ! ಅಜ್ಜಿ ನೋಡಿದಾಗ ಹನ್ನೆರಡು ವರ್ಷದವ್ರಂತೆ. ಹೆಂಗಸು ಅಂತ ಗೊತ್ತಿದ್ರೂ ಭೀಮ ಬಂದಾಗ ಅವರಮ್ಮನ ಸೆರಗೊಳಗೆ ಮುಖ ಮುಚ್ಕೊಂಡಿದ್ರಂತೆ.

ನಂಗೆ ಮೀಸೆ ಗದೆ ಎಲ್ಲ ಕಷ್ಟ ಆಗ್ಲಿಲ್ಲ, ಹಾಡೇ ಕೊಂದಿದ್ದು. ಯಾಕಂದ್ರೆ ಕಂಪನಿ ನಾಟಕದ ಶೈಲಿಲಿ ಗಂಟಲು ಹರಿಯೋಹಂಗೆ ಅಬ್ಬರಿಸಿ ಡೈಲಾಗ್ ಹೊಡೀಬೇಕು, ಉಸಿರು ತಗೊಳೋಷ್ಟ್ರಲ್ಲಿ ಹಾರ್ಮೋನಿಯಂ ಶುರುವಾಗತ್ತೆ, ಅದೇ ಗಂಟಲಲ್ಲಿ ಶ್ರುತಿ ಹಿಡಿದು ಹಾಡ್ಬೇಕು, ಹಾಡುವಾಗ್ಲೂ ಭೀಮನೇ ಆಗಿರ್ಬೇಕು. ನಾನು ದಪ್ಪ ದನೀಲಿ ಮಾತಾಡಿ ಹಾಡಿಗೆ ಬಂದ್ರೆ ಸ್ಕೂಲ್ ಪ್ರೇಯರ್ ಥರ ಕೇಳ್ತಿತ್ತು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಇಳ್ಸಿದ್ರು, ಅದು ನನ್ ಗಂಟಲಿಗೆ ಸಿಗ್ಲಿಲ್ಲ, ಏರ್ಸಿದ್ರು, ಭೀಮ ಓಡೋದ. ಮೂರೇ ದಿನಕ್ಕೆ ದನಿ ಬಿದ್ದು ಮೆಣಸಿನ ಕಷಾಯ. ಇದನ್ನೇ ನಾಗರತ್ನಮ್ಮ ಊರೂರು ತಿರುಗ್ಕೊಂಡು ವರ್ಷಗಟ್ಲೆ ಮಾಡಿದಾರಲ್ಲ, ಎಂಥಾ ಗಂಟಲೋ! ಪದ್ಮಶ್ರೀ ಬಂದಿದ್ದು ಮಾತ್ರ 2012ರಲ್ಲಿ, ಅದೇ ವರ್ಷ ತೀರ್ಕೊಂಡ್ರು. ಅಷ್ಟು ತಡ ಮಾಡ್ಬೇಕಿತ್ತಾ ಅನ್ಸತ್ತೆ ನಂಗೆ.

ಪ್ರೋಗ್ರಾಂ ದಿನ ಮೈಕ್ ಇತ್ತು, ಹೆಂಗೋ ದಡ ಸೇರಿದೆ. ಕೆಳಗಿಳಿದು ಬಂದ್ರೆ ಅಜ್ಜಿ ನನ್ ಮೀಸೆ ಕಡೆನೇ ನೋಡ್ಕೊಂಡು, "ಹಾಡು ಪರ್ವಾಗಿಲ್ಲ ಕಣೆ, ನಡಿಗೆ ಮಾತ್ರ ದ್ರೌಪದೀದು" ಅಂದ್ರು.