ತೊಡೆ ಅದುರಿದ್ದನ್ನು ಸರ್ಜನ್‌ಗೇ ಹೇಳಬೇಕಿತ್ತು

ಇದು ಕಕ್ಕಡ ತಿಂಗಳಲ್ಲಿ, ಜುಲೈ-ಆಗಸ್ಟ್ ನಡುವೆ, ನಡೆದದ್ದು. ಕೊಡಗಿನ ಆ ಮಳೆ ಗೊತ್ತಲ್ವಾ, ಬೆಳಿಗ್ಗೆ ಹತ್ತಾದರೂ ಕಾರಿಡಾರಿನಲ್ಲಿ ಲೈಟ್ ಬೇಕು. ನಾನು ಆಪರೇಷನ್ ಥಿಯೇಟರ್ (ಓಟಿ) ಸಿಸ್ಟರ್. ಅವತ್ತು ವರ್ತೈಮ್ ಕೇಸಿಗೆ, ಅಂದರೆ ಗರ್ಭಕೋಶವನ್ನು ಸುತ್ತಲಿನ ಭಾಗದ ಜೊತೆ ತೆಗೆಯುವ ಆಪರೇಷನ್ನಿಗೆ, ಸರ್ಜನ್ ಪಕ್ಕ ನಿಂತು ಸಲಕರಣೆ ಕೊಡಲು ಸ್ಕ್ರಬ್ ಆಗಿದ್ದೆ. ಪೇಷಂಟ್ ಸಿದ್ದಾಪುರದ ಕಡೆ ಒಂದು ತೋಟದ ಲೈನ್‌ಮನೆಯವರು. ಗರ್ಭಕೋಶದ ಬಾಯಿಯ ಕ್ಯಾನ್ಸರ್, ಪುಣ್ಯಕ್ಕೆ ಬೇಗ ಗೊತ್ತಾಗಿತ್ತು. ಸರ್ಜನ್ ಮೈಸೂರಿನಿಂದ ತಿಂಗಳಿಗೆ ಎರಡು ಸಲ ಬರುವವರು.

ಎಡಗಡೆಯ ನೋಡ್ಸ್ (ದುಗ್ಧಗ್ರಂಥಿಗಳು) ತೆಗೆಯುವಾಗ ಸೊಂಟದೊಳಗಿನ ದೊಡ್ಡ ರಕ್ತನಾಳ ಇಲಿಯಾಕ್ ವೇನ್ ಕೆಳಗೆ ರಕ್ತ ಒಸರುತ್ತಿತ್ತು. ಸರ್ ಕಾಟರಿ, ಅಂದರೆ ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಲಕರಣೆ, ಮುಟ್ಟಿಸಿದರು. ಡ್ರೇಪ್ ಕೆಳಗೆ ಎಡ ತೊಡೆ ಒಳಕ್ಕೆ ಜಗ್ಗಿತು. ನನ್ನ ಮೊಣಕೈ ಅದರ ಮೇಲೇ ಇತ್ತು, ಚೆನ್ನಾಗಿ ಗೊತ್ತಾಯಿತು. ಮತ್ತೆ ಮುಟ್ಟಿಸಿದರು, ಮತ್ತೆ ಅದುರಿತು. ಸ್ನಾಯು ಅಲುಗದ ಹಾಗೆ ಕೊಡುವ ಔಷಧ, ರಿಲ್ಯಾಕ್ಸೆಂಟ್, ಇಳಿದಿದೆ ಅಂದುಕೊಂಡೆ. ಅನಸ್ತೇಶಿಯಾ ಮೇಡಂ ಕಡೆ ತಿರುಗಿ "ಮೇಡಂ, ಪೇಷಂಟ್ ಅಲುಗ್ತಿದ್ದಾರೆ" ಅಂದೆ. ಅವರು ಆ ಔಷಧದ ಟಾಪ್‌ಅಪ್ ಕೊಟ್ಟರು. ಅದುರುವುದು ನಿಂತಿತು. ನನಗೆ ಸಮಾಧಾನ ಆಯಿತು.

ಆ ಸಮಾಧಾನ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಅಬ್ಟುರೇಟರ್ ನರ ಹೋಗುವುದು ಅದೇ ಜಾಗದಲ್ಲಿ. ತೊಡೆಯನ್ನು ಒಳಕ್ಕೆ ಎಳೆಯುವ ಸ್ನಾಯುಗಳಿಗೆ ಹೆಚ್ಚಿನಂಶ ಅದೇ ಆಧಾರ. ಕಾಟರಿಯ ಕರೆಂಟ್ ಅದರ ಹತ್ತಿರ ಬಂದರೆ ತೊಡೆ ಜಗ್ಗುತ್ತದೆ. ಒಳಗೆ ರಕ್ತ ತುಂಬಿ ಸರ್‌ಗೆ ಕಾಣದೇ ಇದ್ದದ್ದನ್ನು ಆ ಕಾಲು ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದೆ. "ಸರ್, ನೀವು ಕಾಟರಿ ಮುಟ್ಟಿಸಿದಾಗೆಲ್ಲ ಎಡ ತೊಡೆ ಅದುರ್ತಿದೆ" ಅಂದಿದ್ದರೆ ಸಾಕಿತ್ತು, ಅವರು ಕೈ ನಿಲ್ಲಿಸಿ ಮೊದಲು ನರ ಹುಡುಕುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಕತ್ತರಿ ಕೇಳಿದರು, ಕೊಟ್ಟೆ. ಆಮೇಲೆ ಅವರ ಕೈ ನಿಂತಿತು. ಸಕ್ಷನ್ ಹಾಕಿ, ಮಾಪ್ ಒತ್ತಿ ತೆಗೆದರು. ಬೆಳ್ಳಗಿನ ಹುರಿಯಂಥದ್ದು, ಎರಡು ತುದಿ. "ನರ ಕಟ್ ಆಗಿದೆ" ಅಂದರು. ದನಿ ಏರಿಸಲಿಲ್ಲ. "ಎಯ್ಟ್ ಜೀರೋ ಕೊಡಿ ಸಿಸ್ಟರ್." ಹೊಲಿಯುವ ದಾರ ಅದು, ಜೀರೋ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ದಾರ ಸಣ್ಣ.

ನನ್ನ ಟ್ರಾಲಿಯಲ್ಲಿ ಫೈವ್ ಜೀರೋಗಿಂತ ಸಣ್ಣ ದಾರ ಇರಲಿಲ್ಲ. ಹಿಂದಿನ ಸಂಜೆ ಲಿಸ್ಟಿನಲ್ಲಿ ಮೈಕ್ರೋ ಸೆಟ್ (ಸೂಕ್ಷ್ಮ ಹೊಲಿಗೆಯ ಸಾಮಾನು) ಸ್ಟ್ಯಾಂಡ್‌ಬೈ ಅಂತ ಇತ್ತು. ಅದಕ್ಕೆ ಗೀಟು ಎಳೆದದ್ದು ನಾನೇ. ಇಂಥ ಕೇಸಿಗೆ ಒಂದು ಸಲವೂ ಅದನ್ನು ತೆರೆದಿರಲಿಲ್ಲ, ಸ್ಟೋರಿಗೆ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿದರೆ ಯಾಕೆ ಬೇಕು ಅಂತ ಬರೆದು ಕೊಡಿ ಅನ್ನುತ್ತಾರೆ, ಬಳಸದೆ ವಾಪಸ್ ಕೊಟ್ಟರೆ ಇನ್ನೊಂದು ಸಹಿ, ಸುಮ್ನೆ ಯಾಕೆ ಅಂದುಕೊಂಡೆ. ಈಗ ಸ್ಟೋರಿಗೆ ಬೀಗ, ಕೀ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದಾರೆ. ಓಟಿ ನಡೆಯುವಾಗ ಕೀ ಓಟಿಯಲ್ಲೇ ಇರಲಿ ಅಂತ ಆಮೇಲೆ ಎರಡು ಸಲ ಬರೆದು ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ.

ಫ್ಲೋರ್ ಸಿಸ್ಟರ್ ಕಣ್ಣಿನ ಓಟಿಗೆ ಓಡಿದಳು. ಕಣ್ಣುಗುಡ್ಡೆ ಹರಿದು ಬಂದವರಿಗೆ ಅಂತ ಅಲ್ಲಿ ಎಯ್ಟ್ ಜೀರೋ ನೈಲಾನ್ ಇಟ್ಟಿರುತ್ತಾರೆ. 12 ನಿಮಿಷ. ಸರ್ ಆ ತುದಿಗಳ ಮೇಲೆ ಒದ್ದೆ ಗಾಜ್ ಇಟ್ಟು ಕೈ ಕಟ್ಟಿ ನಿಂತಿದ್ದರು. ಯಾರೂ ಮಾತಾಡಲಿಲ್ಲ. ಹೊರಗೆ ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು. ನಾನು ಟ್ರಾಲಿಯ ಸಾಮಾನು ಸರಿ ಮಾಡುತ್ತಲೇ ಇದ್ದೆ, ಸರಿ ಮಾಡುವಂಥದ್ದು ಏನೂ ಇರಲಿಲ್ಲ.

ಕತ್ತರಿಯಲ್ಲಿ ನೇರ ಕಟ್ ಆಗಿತ್ತು, ಸುಟ್ಟಿರಲಿಲ್ಲ. ಎಳೆಯದೆ ತುದಿಗಳು ಕೂಡಿದವು. ನಡುವೆ ತುಂಡು ಹಾಳಾಗಿದ್ದರೆ ಮೀನಖಂಡದಿಂದ ಸೂರಲ್ ನರ ತೆಗೆದು ಕಸಿ ಮಾಡಬೇಕಿತ್ತು. ಸರ್ ಲೂಪ್ (ದೊಡ್ಡದಾಗಿ ತೋರಿಸುವ ಕನ್ನಡಕ) ಹಾಕಿಕೊಂಡು, ನರದ ಮೈಮೇಲಿನ ಸಣ್ಣ ರಕ್ತನಾಳ ಎರಡೂ ಕಡೆ ಒಂದೇ ಗೆರೆಗೆ ಬರುವ ಹಾಗೆ ಹೊಂದಿಸಿ, ಹೊರಪೊರೆಗೆ ಮಾತ್ರ ನಾಲ್ಕು ಹೊಲಿಗೆ ಹಾಕಿದರು. ಎಸಿ ಗಾಳಿಗೇ ಆ ದಾರ ತೇಲುತ್ತಿತ್ತು. "ಒದ್ದೆ ಮಾಡಿ ಕೊಡಿ" ಅಂದರು.

ರಾತ್ರಿ ಸರ್ ಮೈಸೂರಿಗೆ ಹೊರಡಲಿಲ್ಲ. ಬೆಳಿಗ್ಗೆ ತಾವೇ ವಾರ್ಡಿಗೆ ಬಂದು ಆ ಅಕ್ಕನಿಗೂ ಗಂಡನಿಗೂ ಏನಾಯಿತು ಅಂತ ಮುಚ್ಚಿಡದೆ ಹೇಳಿದರು. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ, ತಿಂಗಳುಗಟ್ಟಲೆ ಬೇಕು, ಪೂರ್ತಿ ಬರುತ್ತದೆ ಅಂತ ಮಾತು ಕೊಡಲಾರೆ ಅಂದರು. ಆಕೆ ಕೇಳಿದ್ದು ಒಂದೇ. "ಏಣಿ ಹತ್ತಬಹುದಾ ಡಾಕ್ಟ್ರೇ?" ಮೆಣಸು ಕುಯ್ಯುವ ಕೆಲಸ ಅವರದು.

ಹೊರಗೆ ಬಂದ ಮೇಲೆ ತೊಡೆ ಅದುರಿದ ವಿಷಯ ಸರ್‌ಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇನ್ನು ಮೇಲೆ ನನಗೇ ಹೇಳಿ, ಜೋರಾಗಿ ಹೇಳಿ" ಅಂದರು.

ಎದ್ದು ನಡೆದ ಮೊದಲ ದಿನ ಅವರ ಎಡಗಾಲು ಹೊರಕ್ಕೆ ಬೀಸುತ್ತಿತ್ತು. ಫಿಸಿಯೋ ಬಿಡದೆ ಮಾಡಿದರು, ಮನೆಯಲ್ಲೂ ಎರಡು ಮಂಡಿಗಳ ನಡುವೆ ದಿಂಬು ಒತ್ತಿ ಹಿಡಿಯುತ್ತಿದ್ದರಂತೆ. ಹುತ್ತರಿ ಹಬ್ಬ ಕಳೆದು, ಮೆಣಸು ಕುಯ್ಲು ಶುರುವಾದಾಗ ಚೆಕಪ್‌ಗೆ ಬಂದರು. ಬೆಂಚಿನ ಮೇಲೆ ಕೂತು, "ನೋಡಿ ಸಿಸ್ಟರ್" ಅಂತ ಎಡಗಾಲನ್ನು ಬಲಗಾಲಿನ ಮೇಲೆ ಹಾಕಿ ತೋರಿಸಿದರು, ಕೈ ಹಿಡಿಯದೆ. ಒಳತೊಡೆಯಲ್ಲಿ ಅಂಗೈಯಗಲ ಜಾಗ ಇನ್ನೂ ಜೋಮು. ಏಣಿ ಹತ್ತಿಲ್ಲ, ನೆಲಕ್ಕೆ ಬಿದ್ದ ಮೆಣಸು ಆಯುತ್ತಿದ್ದಾರೆ.